ಪಿಶ್ಯಾನ್ ದೋಬಾನ್‌ಜಿಯಾಂಗ್: ಖಾರದ ಬೀಫ್ ರಿಬ್ಸ್ ಮಾಡೋರು ಮೊದಲು ತರಬೇಕಾದ ಪೇಸ್ಟ್

ಚೀನಾದ ಸಿಚುವಾನ್ ಕಡೆಯ ಖಾರದ ಬೀಫ್ ರಿಬ್ಸ್ ಮನೆಯಲ್ಲೇ ಮಾಡೋಣ ಅಂತ ಹೊರಟರೆ ಸಾಮಾನಿನ ಪಟ್ಟಿ ನೋಡಿಯೇ ಅರ್ಧ ಜನ ಕೈಬಿಡುತ್ತಾರೆ. ಎರಡು ಥರ ಸೋಯಾ ಸಾಸ್, ಶಾವ್‌ಶಿಂಗ್ ಅನ್ನೋ ಅಕ್ಕಿ ವೈನ್, ಕಲ್ಲುಸಕ್ಕರೆ, ಚಕ್ರಮೊಗ್ಗು, ಚಕ್ಕೆ, ಇನ್ನೂ ಏನೇನೋ. ಇದರಲ್ಲಿ ಒಂದೆರಡು ಇಲ್ಲದಿದ್ದರೂ ಅಡುಗೆ ಕೆಡುವುದಿಲ್ಲ. ಆದರೆ ಪಿಶ್ಯಾನ್ ದೋಬಾನ್‌ಜಿಯಾಂಗ್ ಅನ್ನೋ ಹುದುಗಿಸಿದ ಕಾಳು-ಮೆಣಸಿನಕಾಯಿ ಪೇಸ್ಟ್ ಇಲ್ಲದೆ ಮಾಡಿದರೆ ಅದು ಸುಮ್ನೆ ಖಾರ ಹಾಕಿದ ಮಾಂಸ, ಅಷ್ಟೇ. ಹಾಗಾಗಿ ಈ ವಿಮರ್ಶೆ ಆ ಪೇಸ್ಟಿನದ್ದು.

ಇದು ಚೆಂಗ್ಡು ನಗರಕ್ಕೆ ಸೇರಿದ ಪಿಡು ಜಿಲ್ಲೆಯ ಸರಕು. 2016ರವರೆಗೆ ಆ ಜಾಗದ ಹೆಸರು ಪಿಶ್ಯಾನ್ ಅಂತಲೇ ಇತ್ತು, ಊರಿನ ಹೆಸರು ಬದಲಾದರೂ ಪೇಸ್ಟಿಗೆ ಹಳೆಯದೇ ಉಳಿಯಿತು. ಫಾವಾ ಅನ್ನೋ ಅಗಲವಾದ ಕಾಳಿಗೆ ಗೋಧಿ ಹಿಟ್ಟು ಸವರಿ, ಬೂಷ್ಟು ಹಿಡಿಸಿ, ಉಪ್ಪು ನೀರಿನಲ್ಲಿ ಹುದುಗಿಸುತ್ತಾರೆ. ಕೆಂಪು ಮೆಣಸಿನಕಾಯಿಯನ್ನು ಹಸಿಯಾಗಿಯೇ ಕೊಚ್ಚಿ ಬೇರೆ ಉಪ್ಪು ಹಾಕಿಡುತ್ತಾರೆ. ಆಮೇಲೆ ಎರಡೂ ಸೇರಿ ದೊಡ್ಡ ದೊಡ್ಡ ಮಣ್ಣಿನ ಹಂಡೆಗಳಿಗೆ ಹೋಗುತ್ತವೆ. ಹಗಲು ಬಿಸಿಲು, ರಾತ್ರಿ ಇಬ್ಬನಿ, ನಡುನಡುವೆ ಕೋಲಿನಿಂದ ತಿರುವುವುದು, ಮಳೆ ಬಂದರೆ ಮುಚ್ಚಳ. ಹೀಗೆ ಒಂದು ವರ್ಷ, ಕೆಲವು ಮೂರು ವರ್ಷವೂ ಇರುತ್ತವೆ. ಈ ವಿಧಾನವನ್ನು ಚೀನಾ 2008ರಲ್ಲಿ ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಕೊಳ್ಳುವಾಗ ಒಂದು ಗೊಂದಲ ಆಗೇ ಆಗುತ್ತದೆ. ಗಾಜಿನ ಬಾಟಲಿಯಲ್ಲಿ ಎಣ್ಣೆ ತೇಲುವ, ಕಣ್ಣು ಕುಕ್ಕುವ ಕೆಂಪು ಬಣ್ಣದ್ದು ಒಂದು. ಕಂದು ಬಣ್ಣಕ್ಕೆ ತಿರುಗಿದ, ಎಣ್ಣೆ ಇಲ್ಲದ, ನೋಡೋಕೆ ಅಷ್ಟೇನೂ ಚೆನ್ನಾಗಿಲ್ಲದ್ದು ಇನ್ನೊಂದು. ಮೊದಲನೆಯದು ಎಳೆಯದು. ಬೇಗ ಆಗುವ ಅಡುಗೆಗೆ, ಮಾಪೋ ತೋಫು ಅನ್ನೋ ಖಾರದ ತೋಫು ಅಡುಗೆಗೆ ಅದೂ ಒಪ್ಪುತ್ತದೆ. ರಿಬ್ಸ್‌ಗೆ ಮಾತ್ರ ಎರಡನೆಯದನ್ನೇ ತನ್ನಿ. ಮೂರು ಗಂಟೆ ಕುದಿಯುವ ರಸದಲ್ಲಿ ಎಳೆಯ ಪೇಸ್ಟಿನ ಬಣ್ಣ ಉಳಿಯುತ್ತದೆ, ರುಚಿ ಎಲ್ಲೋ ಕಳೆದುಹೋಗುತ್ತದೆ. ಹಳೆಯದು ಕುದಿದಷ್ಟೂ ಬಿಚ್ಚಿಕೊಳ್ಳುತ್ತದೆ. ಹಿಂದಿನ ಚೀಟಿ ಓದೋದು ಮರೀಬೇಡಿ: ಮೆಣಸಿನಕಾಯಿ, ಫಾವಾ ಕಾಳು, ಉಪ್ಪು, ಗೋಧಿ ಹಿಟ್ಟು, ಇಷ್ಟೇ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದು.

ಈಗ ಬಾಣಲೆಯಲ್ಲಿ ಇದು ಹೇಗೆ ನಡೆದುಕೊಳ್ಳುತ್ತದೆ ನೋಡಿ. ಒಂದೂವರೆ ಕಿಲೋ ರಿಬ್ಸ್‌ಗೆ ಮೂರು ದೊಡ್ಡ ಚಮಚ ಪೇಸ್ಟ್ ಸಾಕು. ಮೊದಲು ಅದನ್ನು ಹಲಗೆ ಮೇಲೆ ಚಾಕುವಿನಿಂದ ಸಣ್ಣಗೆ ಕೊಚ್ಚಬೇಕು, ಇಲ್ಲದಿದ್ದರೆ ಕಾಳಿನ ದಪ್ಪ ತುಂಡು, ಮೆಣಸಿನ ಸಿಪ್ಪೆ ಕೊನೆಯವರೆಗೂ ಹಾಗೇ ಉಳಿದು ಹಲ್ಲಿಗೆ ಸಿಗುತ್ತವೆ. ಎಣ್ಣೆ ಸ್ವಲ್ಪ ಧಾರಾಳವಾಗಿರಲಿ, ಉರಿ ಸಣ್ಣದಿರಲಿ. ಪೇಸ್ಟ್ ಹಾಕಿದಾಗ ಮೊದಲು ಉಪ್ಪು ಉಪ್ಪಾದ, ಸ್ವಲ್ಪ ಹುಳಿ ಬೆರೆತ ಹಸಿ ವಾಸನೆ. ಬಾಣಲೆಯ ನಡುವೆ ಪೇಸ್ಟ್ ಗುಡ್ಡೆಯಾಗಿ ಕೂತಿರುತ್ತದೆ, ಸುತ್ತಲಿನ ಎಣ್ಣೆ ತಿಳಿಯಾಗಿಯೇ ಇರುತ್ತದೆ. ಎರಡು ಮೂರು ನಿಮಿಷ ಬಿಡದೆ ಕೈಯಾಡಿಸಿದರೆ ಅಂಚಿನಿಂದ ಶುರುವಾಗಿ ಎಣ್ಣೆ ಕೆಂಪಗಾಗುತ್ತದೆ, ವಾಸನೆಯೂ ತಿರುಗಿ ಘಮ್ಮೆನ್ನುತ್ತದೆ. ಶುಂಠಿ, ಬೆಳ್ಳುಳ್ಳಿ ಹಾಕೋದು ಆಗ, ಅದಕ್ಕೆ ಮುಂಚೆ ಅಲ್ಲ. ಉರಿ ಜೋರು ಮಾಡಿದರೆ ಈ ಪೇಸ್ಟ್ ತಳ ಹಿಡಿಯೋದು ಬಲು ಬೇಗ. ಸೀದರೆ ಕಹಿ. ಆಮೇಲೆ ಎಷ್ಟು ಸಕ್ಕರೆ ಸುರಿದರೂ ಅದು ಹೋಗುವುದಿಲ್ಲ.

ರಿಬ್ಸ್ ಅನ್ನು ಮೊದಲೇ ತಣ್ಣೀರಿನಲ್ಲಿ ಹಾಕಿ ಒಂದು ಕುದಿ ಬರಿಸಿ, ಮೇಲೆ ಬರುವ ಬೂದು ನೊರೆ ತೆಗೆದು ತೊಳೆದಿಟ್ಟುಕೊಂಡಿರಬೇಕು. ಅದು ಬಾಣಲೆಗೆ ಹೋದ ಮೇಲೆ ವೈನ್, ಸೋಯಾ ಸಾಸ್, ಕಲ್ಲುಸಕ್ಕರೆ, ಮುಳುಗುವಷ್ಟು ಬಿಸಿನೀರು. ಸಿಚುವಾನ್ ಪೆಪ್ಪರ್ ಒಂದು ಚಮಚ ಹಾಕಿದರೆ ನಾಲಿಗೆ ಜುಮ್ಮೆನ್ನುತ್ತದೆ, ಆದರೆ ಒಳಗಿನ ಕಪ್ಪು ಬೀಜ ಆರಿಸಿ ಬಿಸಾಕಿ, ಅದು ಮರಳಿನ ಹಾಗೆ ಕರಕರ ಅನ್ನುತ್ತದೆ. ಮುಚ್ಚಳ ಹಾಕಿ ಎರಡೂವರೆಯಿಂದ ಮೂರು ಗಂಟೆ ಸಣ್ಣ ಉರಿ. ಎಲುಬಿನ ಸುತ್ತಲಿನ ಗಟ್ಟಿ ನಾರು ಕರಗಿ ರಸಕ್ಕೆ ಅಂಟು ಬರೋದಕ್ಕೆ ಅಷ್ಟು ಹೊತ್ತು ಬೇಕೇ ಬೇಕು. ಕೊನೆಯ ಅರ್ಧ ಗಂಟೆಗೆ ಬಿಳಿ ಮೂಲಂಗಿ ಹಾಕಿ. ನನ್ನ ಕೇಳಿದರೆ ಮಾಂಸಕ್ಕಿಂತ ಆ ಮೂಲಂಗಿಗೇ ಜಗಳ ಆಗಬೇಕು. ಕುಕ್ಕರ್‌ನಲ್ಲಿ ಮುಕ್ಕಾಲು ಗಂಟೆಗೆ ಮಾಂಸವೇನೋ ಬೆಂದಿರುತ್ತದೆ, ಆದರೆ ರಸ ನೀರಾಗಿರುತ್ತದೆ, ಮುಚ್ಚಳ ತೆಗೆದು ಮತ್ತೆ ಕುದಿಸಿ ಗಟ್ಟಿ ಮಾಡುವುದು ತಪ್ಪಿದ್ದಲ್ಲ.

ಪೇಸ್ಟಿನ ದೊಡ್ಡ ದೋಷ ಅಂದರೆ ಉಪ್ಪು. ನೂರು ಗ್ರಾಂ ಪೇಸ್ಟಿನಲ್ಲಿ 15 ಗ್ರಾಂಗಿಂತ ಜಾಸ್ತಿ ಉಪ್ಪಿರುವುದು ಮಾಮೂಲು. ಮೇಲೆ ಸೋಯಾ ಸಾಸ್ ಬೇರೆ. ರಸ ಬತ್ತಿದಂತೆಲ್ಲಾ ಉಪ್ಪು ಏರುತ್ತಲೇ ಹೋಗುತ್ತದೆ, ಆದ್ದರಿಂದ ಶುರುವಿನಲ್ಲಿ ಚಿಟಿಕೆ ಉಪ್ಪೂ ಬೇಡ, ಸೋಯಾ ಸಾಸ್ ಕೂಡ ಪಾಕವಿಧಾನದಲ್ಲಿ ಹೇಳಿದ್ದರ ಅರ್ಧ ಹಾಕಿ ಕೊನೆಗೆ ನೋಡಿಕೊಳ್ಳಿ. ಬಿಪಿ ಇರುವವರಿಗೆ ಇದು ಹೇಳಿ ಮಾಡಿಸಿದ ಊಟ ಅಲ್ಲವೇ ಅಲ್ಲ. ಖಾರದ ವಿಷಯದಲ್ಲಿ ಮಾತ್ರ ಹೆದರಬೇಡಿ. ಬಣ್ಣ ನೋಡಿದರೆ ಬೆಂಕಿ ಅನ್ನಿಸುತ್ತದೆ, ಪೇಸ್ಟಿನ ಖಾರ ಹದವಾಗಿಯೇ ಇದೆ. ನಿಜವಾಗಿ ಖಾರ ಬೇಕೆಂದರೆ ಒಣಮೆಣಸಿನಕಾಯಿ ಬೇರೆ ಹಾಕಲೇಬೇಕು.

ಇನ್ನೊಂದು ಮಾತು. ಈ ರಿಬ್ಸ್ ಮಾರನೇ ದಿನ ಇನ್ನೂ ಚೆನ್ನಾಗಿರುತ್ತದೆ. ಫ್ರಿಡ್ಜ್‌ನಲ್ಲಿ ರಾತ್ರಿ ಇಟ್ಟರೆ ಮೇಲೆ ಕಿತ್ತಳೆ ಬಣ್ಣದ ಕೊಬ್ಬು ಬಿಲ್ಲೆಯ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಚಮಚದಿಂದ ಎಬ್ಬಿಸಿದರೆ ಒಂದೇ ಸಲಕ್ಕೆ ಏಳುತ್ತದೆ. ಎಸೆಯಬೇಡಿ, ಪೇಸ್ಟಿನ ಪರಿಮಳವೆಲ್ಲ ಅದರಲ್ಲಿದೆ. ನೂಡಲ್ಸ್ ಹುರಿಯೋಕೆ ಅದಕ್ಕಿಂತ ಒಳ್ಳೆಯ ಎಣ್ಣೆ ನಾನಂತೂ ಕಂಡಿಲ್ಲ.

ಗೋಧಿ ಒಗ್ಗದವರು ಇದನ್ನು ಮುಟ್ಟಬೇಡಿ. ಉಳಿದವರು ಪ್ಯಾಕೆಟ್ ಒಡೆದ ಮೇಲೆ ಗಾಜಿನ ಬಾಟಲಿಗೆ ತುಂಬಿ ಫ್ರಿಡ್ಜ್‌ನಲ್ಲಿಡಿ, ಒದ್ದೆ ಚಮಚ ಹಾಕಬೇಡಿ, ತಿಂಗಳುಗಟ್ಟಲೆ ಏನೂ ಆಗುವುದಿಲ್ಲ.