ಶಿವಮೊಗ್ಗದಲ್ಲಿ ಕನ್ನಡದಲ್ಲೇ ಜಪಾನೀಸ್ ಕ್ಲಾಸು: ಸೇರಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಖುಷಿಗೆ ಜಪಾನೀಸ್ ಕಲಿಯಬೇಕು ಅನ್ನುವವರು ಈ ಕ್ಲಾಸಿಗೆ ಕಣ್ಣು ಮುಚ್ಚಿಕೊಂಡು ಸೇರಬಹುದು. ಕೆಲಸಕ್ಕೆ ಅಂತ ಕಲಿಯುವವರೂ ಸೇರಿ, ಆದರೆ ಇದೊಂದನ್ನೇ ನೆಚ್ಚಿಕೊಂಡು ಕೂರಬೇಡಿ.

ಕ್ಲಾಸಿಗೆ ಹೆಸರಿಲ್ಲ, ಹೊರಗೆ ಬೋರ್ಡೂ ಇಲ್ಲ. ವಿನೋಬನಗರದ ಒಂದು ಮನೆಯ ಮಹಡಿ ಮೇಲಿನ ರೂಮು, ಮೇಲೆ ಶೀಟು, ಒಂದು ವೈಟ್‌ಬೋರ್ಡು, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ. ಕಲಿಸುವ ಮೇಡಂ ಹಿಂದೆ ಜಪಾನಿ ಕಂಪನಿಯೊಂದರಲ್ಲಿ ದುಭಾಷಿಯಾಗಿದ್ದವರು, ಕೆಲವು ವರ್ಷ ಜಪಾನಿನಲ್ಲೇ ಇದ್ದು ಈಗ ಊರಿಗೆ ವಾಪಸ್ ಬಂದಿದ್ದಾರೆ. ಹೆಸರು, ನಂಬರ್ ಎಲ್ಲೂ ಹಾಕಬೇಡಿ, ಇರುವವರಿಗೇ ಕುರ್ಚಿ ಸಾಲುತ್ತಿಲ್ಲ ಅಂದಿದ್ದಾರೆ, ಹಾಗಾಗಿ ಹಾಕಿಲ್ಲ. ಆ ಕಡೆ ಹೋಗಿ ವಿಚಾರಿಸಿ, ತೋರಿಸುತ್ತಾರೆ. ತಿಂಗಳಿಗೆ 2,000 ರೂಪಾಯಿ, ವಾರಕ್ಕೆ ಮೂರು ಸಂಜೆ. ಲೆಕ್ಕಕ್ಕೆ ಒಂದೂವರೆ ಗಂಟೆ, ಆದರೆ ಪಾಠ ಹತ್ತಿತು ಅಂದರೆ ಮೇಡಂ ಗಡಿಯಾರ ನೋಡುವವರಲ್ಲ.

ನಮ್ಮ ಬ್ಯಾಚಿನಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಅನಿಮೆ ನೋಡಿ ನೋಡಿ ಹುಚ್ಚು ಹಿಡಿಸಿಕೊಂಡ ಇಂಜಿನಿಯರಿಂಗ್ ಹುಡುಗರಿದ್ದಾರೆ. ಜಪಾನಿಗೆ ಕೆಲಸಕ್ಕೆ ಹೋಗಬೇಕು ಅಂತಿರುವ ತೀರ್ಥಹಳ್ಳಿ ಕಡೆಯ ನರ್ಸಿಂಗ್ ಹುಡುಗಿಯರಿದ್ದಾರೆ. ಭದ್ರಾವತಿಯ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ರಿಟೈರ್ ಆದ ಒಬ್ಬರು ಅಂಕಲ್ ಇದ್ದಾರೆ, ಅವರ ಮಗಳ ಸಂಸಾರ ಒಸಾಕಾದಲ್ಲಿ, ಮೊಮ್ಮಗ ಫೋನಿನಲ್ಲಿ ಅರ್ಧ ಜಪಾನೀಸ್‌ನಲ್ಲೇ ಮಾತಾಡುತ್ತಾನಂತೆ. ನನ್ನದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ನಿಂಗ್ಯಾಕೆ ಜಪಾನೀಸ್ ಅಂತ ಮಂಡಿಯಲ್ಲಿ ಎಲ್ಲರೂ ಕೇಳುತ್ತಾರೆ. ಸುಮ್ನೆ, ಅಷ್ಟೇ.

ಈ ಕ್ಲಾಸಿನ ದೊಡ್ಡ ಬಲ ಅಂದರೆ ಕನ್ನಡದಲ್ಲೇ ಕಲಿಸುವುದು. ಅಭಿಮಾನದ ಮಾತಲ್ಲ ಇದು, ವ್ಯಾಕರಣದ ಮಾತು. ಆಪ್‌ಗಳು, ವಿಡಿಯೋಗಳು, ಆನ್‌ಲೈನ್ ಕೋರ್ಸುಗಳು ಬಹುಪಾಲು ಇಂಗ್ಲಿಷಿನ ದಾರಿಯಲ್ಲೇ ಕರೆದುಕೊಂಡು ಹೋಗುತ್ತವೆ. ನಾನು ಹಿಂದೆ ದುಡ್ಡು ಕಟ್ಟಿದ್ದ ಒಂದು ಆನ್‌ಲೈನ್ ಕೋರ್ಸಿನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಅನ್ನುವುದಕ್ಕೇ ಇಡೀ ಒಂದು ಪಾಠ ಇತ್ತು. ಅದರಲ್ಲಿ ನಮಗೆ ವಿವರಿಸುವುದಕ್ಕೆ ಏನಿದೆ? ನಾವು ಮಾತು ಕಲಿತಾಗಿನಿಂದ ಹಾಗೇ ಅಲ್ವಾ ಮಾತಾಡುವುದು.

ಮೇಡಂ ಮೊದಲ ವಾರವೇ ಬೋರ್ಡಿನ ಮೇಲೆ 'ಶಿವಮೊಗ್ಗದಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗ್ತೀನಿ' ಅಂತ ಬರೆದು, ಅದರ ಕೆಳಗೆ 'ಶಿವಮೊಗ್ಗ ಕರ ಬೆಂಗಳೂರು ನಿ ಬಸು ದೆ ಇಕಿಮಾಸು' ಅಂತ ಬರೆದರು. ನಮ್ಮ 'ಇಂದ' ಇರುವಲ್ಲಿ 'ಕರ', 'ಗೆ' ಇರುವಲ್ಲಿ 'ನಿ', 'ಅಲ್ಲಿ' ಇರುವಲ್ಲಿ 'ದೆ'. ಪದಗಳ ಸಾಲು ಒಂದಿಷ್ಟೂ ಅಲುಗಾಡಲಿಲ್ಲ. ನಾವು 'ಹೋಗ್ತೀನಿ' ಅನ್ನುವುದನ್ನು ಈಗಲೂ ನಾಳೆಗೂ ಬಳಸುವ ಹಾಗೆ ಅವರ ಇಕಿಮಾಸು ಕೂಡ ಎರಡಕ್ಕೂ ಆಗುತ್ತದೆ. 'ನಿನ್ನೆ ಕೊಂಡ ಪುಸ್ತಕ' ಅನ್ನುವುದು 'ಕಿನೋ ಕತ್ತ ಹೊನ್', ಅದೂ ಅದೇ ಸಾಲಿನಲ್ಲಿ.

ನಿಜವಾದ ಮಜಾ ಬರುವುದು ಕ್ರಿಯಾಪದದ 'ತೆ' ರೂಪ, ಅಂದರೆ ನಮ್ಮ 'ತಿಂದು', 'ಬರೆದು' ಥರದ್ದು, ಶುರುವಾದ ಮೇಲೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದರ ಬಳಕೆಗೆ ಒಂದೊಂದಕ್ಕೂ ಒಂದೊಂದು ನಿಯಮ. ಇಲ್ಲಿ ಒಂದು ಕಡೆ 'ತಬೆತೆ ಮಿರು', ಇನ್ನೊಂದು ಕಡೆ 'ತಿಂದು ನೋಡು'. 'ಕೈತೆ ಒಕು' ಅಂದರೆ ಬರೆದಿಡು. 'ತಬೆತೆ ಶಿಮತ್ತ' ಅಂದರೆ ತಿಂದುಬಿಟ್ಟೆ. ಮಿರು ಅಂದರೆ ನೋಡುವುದು, ಒಕು ಅಂದರೆ ಇಡುವುದು, ಎರಡು ಕ್ರಿಯಾಪದ ಜೋಡಿಸುವ ರೀತಿಯೂ ನಮ್ಮದೇ. ಮನೆಯಿಂದ ಹೊರಡುವಾಗ ಜಪಾನಿನವರು ಹೇಳುವುದು 'ಇತ್ತೆ ಕಿಮಾಸು', ಅಂದರೆ ಹೋಗಿ ಬರ್ತೀನಿ. ನಮ್ಮಲ್ಲೂ ಬರೀ 'ಹೋಗ್ತೀನಿ' ಅಂದರೆ ಅಜ್ಜಿಯರು ಬಿಡುವುದಿಲ್ಲವಲ್ಲ. ಇಂಗ್ಲಿಷಿನಲ್ಲಿ ಓದಿದಾಗ ವಾರಗಟ್ಟಲೆ ತಲೆಗೆ ಹೋಗದೇ ಇದ್ದದ್ದು ಇಲ್ಲಿ ಒಂದೇ ಸಂಜೆಗೆ ಹೋಯಿತು.

ಹಾಗಂತ ಎರಡೂ ಅಕ್ಕತಂಗಿ ಭಾಷೆಗಳು ಅಂದುಕೊಳ್ಳಬೇಡಿ. ಜಪಾನೀಸಿಗೂ ತಮಿಳಿಗೂ ನಂಟಿದೆ ಅಂತ ಸುಸುಮು ಒನೊ ಅನ್ನುವ ಜಪಾನಿ ವಿದ್ವಾಂಸರು ವಾದ ಮಾಡಿದ್ದರು, ಭಾಷಾವಿಜ್ಞಾನಿಗಳು ಬಹುತೇಕ ಯಾರೂ ಒಪ್ಪಿಲ್ಲ. ಮೇಡಂ ಇದನ್ನು ಹೇಳಿ, ಹುಡುಗರ ಕಡೆ ತಿರುಗಿ, ಇದನ್ನು ವಾಟ್ಸಾಪಲ್ಲಿ ಹಾಕಿ ಕನ್ನಡವೇ ಜಪಾನೀಸಿನ ತಾಯಿ ಅನ್ನಬೇಡಿ ಮತ್ತೆ ಅಂದರು.

ಅಕ್ಷರದಲ್ಲಿ ಮಾತ್ರ ನಂಟಿರುವುದು ನಿಜ. ಹಿರಗಾನಾ ಅನ್ನುವ ಅವರ ಮೂಲ ಲಿಪಿಯ 46 ಅಕ್ಷರಗಳ ಸಾಲು ಅ ಇ ಉ ಎ ಒ ಅಂತ ಶುರುವಾಗಿ ಕ ಸ ತ ನ ಹ ಮ ಯ ರ ವ ಅಂತ ಹೋಗುತ್ತದೆ. ಸಂಸ್ಕೃತದ ಸಿದ್ಧಂ ಲಿಪಿ ಕಲಿತ ಬೌದ್ಧ ಭಿಕ್ಷುಗಳ ಕಡೆಯಿಂದ ಈ ಕ್ರಮ ಅಲ್ಲಿಗೆ ಹೋಗಿದ್ದು. ನಮ್ಮ ವರ್ಣಮಾಲೆ ಗೊತ್ತಿದ್ದವರಿಗೆ ಅಕ್ಷರದ ಆಕಾರ ಕಷ್ಟ, ಕ್ರಮ ಕಷ್ಟ ಅಲ್ಲ. ಉಚ್ಚಾರಣೆಯೂ ಅಷ್ಟೇ. ಒಜಿಸಾನ್ ಅಂದರೆ ಮಾವನೋ ಚಿಕ್ಕಪ್ಪನೋ, ಒಜೀಸಾನ್ ಅಂದರೆ ಅಜ್ಜ. ಕಿತೆ ಅಂದರೆ ಬಂದು, ಕಿತ್ತೆ ಅಂದರೆ ಅಂಚೆ ಚೀಟಿ. ದೀರ್ಘ, ಒತ್ತಕ್ಷರ ಎರಡನ್ನೂ ಒಂದನೇ ಕ್ಲಾಸಿನಲ್ಲೇ ಕಾಪಿ ಬರೆದವರು ನಾವು.

ನನಗೆ ತುಂಬ ಹಿಡಿಸಿದ ಪಾಠ ಎಣಿಕೆಯದು. ಜಪಾನೀಸಿನಲ್ಲಿ ವಸ್ತುವಿನ ಆಕಾರ ನೋಡಿಕೊಂಡು ಎಣಿಸಬೇಕು. ಉದ್ದನೆಯದಕ್ಕೆ ಒಂದು ಪ್ರತ್ಯಯ, ತೆಳ್ಳಗೆ ಹಾಳೆಯಂತಿರುವುದಕ್ಕೆ ಒಂದು, ಗಾಡಿಗಳಿಗೆ ಒಂದು, ಹೀಗೆ. ಹೊರಗೆ ಆಷಾಢದ ಮಳೆ, ಬಾಗಿಲ ಹತ್ತಿರದ ಬಕೆಟ್‌ನಲ್ಲಿ ಎಲ್ಲರ ಒದ್ದೆ ಕೊಡೆ. ಮೇಡಂ ಬಕೆಟ್ ಎತ್ತಿಕೊಂಡು ಬಂದು ಒಂದೊಂದೇ ಕೊಡೆ ಹೊರಗೆ ತೆಗೆಯುತ್ತಾ ಇಪ್ಪೊನ್, ನಿಹೊನ್, ಸಾನ್‌ಬೊನ್, ಯೊನ್‌ಹೊನ್, ಗೊಹೊನ್, ರೊಪ್ಪೊನ್ ಅಂತ ಎಣಿಸಿದರು. ನೆಲವೆಲ್ಲ ನೀರು. ಒಂದೇ ಪ್ರತ್ಯಯ ಹೊನ್, ಬೊನ್, ಪೊನ್ ಅಂತ ಯಾಕೆ ವೇಷ ಬದಲಾಯಿಸುತ್ತದೆ ಅಂತ ಒಬ್ಬ ಹುಡುಗ ತಕರಾರು ತೆಗೆದ. ಸಂಧಿ ಓದಿಲ್ವೇನೋ ಹೈಸ್ಕೂಲಲ್ಲಿ ಅಂತ ಅಂಕಲ್ಲೇ ಅವನಿಗೆ ಉತ್ತರ ಕೊಟ್ಟರು. ಆಮೇಲೆ ಒಳಗಿನಿಂದ ಅಡಿಕೆ ಹಾಳೆ ತಟ್ಟೆ ಬಂತು, ಇಚಿಮೈ, ನಿಮೈ, ಸಾನ್‌ಮೈ. ಜನರನ್ನು ಎಣಿಸುವುದು ಮಾತ್ರ ಯಾರಿಗೂ ಕಷ್ಟ ಆಗಲಿಲ್ಲ. ಹಿತೊರಿ, ಫುತಾರಿ ಅನ್ನುವುದು ನಮ್ಮ ಒಬ್ಬರು, ಇಬ್ಬರು ಇದ್ದ ಹಾಗೆ ಬೇರೆಯೇ ರೂಪ.

ಕನ್ನಡ ಕೈಕೊಡುವ ಜಾಗಗಳೂ ಇವೆ. ಅವರ ಗುಣವಾಚಕಕ್ಕೂ ಕಾಲ ಇದೆ, ಸಮುಯ್ ಅಂದರೆ ಈಗ ಚಳಿ, ಸಮುಕತ್ತ ಅಂದರೆ ಆಗ ಚಳಿ ಇತ್ತು. ಇದನ್ನು ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ಲ. ಗೌರವದ ಲೆಕ್ಕ ಇನ್ನೂ ವಿಚಿತ್ರ. ನೀನು, ನೀವು ಗೊತ್ತಿರುವ ನಮಗೆ ಇದು ಸಲೀಸು ಅಂದುಕೊಂಡಿದ್ದೆವು. ಆದರೆ ಹೊರಗಿನವರ ಹತ್ತಿರ ಮಾತಾಡುವಾಗ ನಮ್ಮಪ್ಪ 'ಚಿಚಿ', ಅವರಪ್ಪ 'ಒತೋಸಾನ್'. ನಮ್ಮವರಿಗೆ ಗೌರವದ ಕ್ರಿಯಾಪದವನ್ನೂ ಹಾಕುವ ಹಾಗಿಲ್ಲ. "ಊರವರ ಮುಂದೆ ಹೆತ್ತ ಅಪ್ಪನ್ನ ಏಕವಚನದಲ್ಲಾ? ಇದ್ಯಾವ ನ್ಯಾಯ ಮೇಡಂ?" ಅಂತ ಅಂಕಲ್ ನಿಜವಾಗಿಯೂ ಬೇಜಾರು ಮಾಡಿಕೊಂಡರು. "ಆಫೀಸಲ್ಲೂ ಹಾಗೇ ಸರ್, ಗಿರಾಕಿ ಫೋನ್ ಮಾಡಿದ್ರೆ ಮ್ಯಾನೇಜರ್ ಹೆಸರಿಗೂ ಗೌರವದ 'ಸಾನ್' ಸೇರಿಸೋ ಹಾಗಿಲ್ಲ, ತನಾಕಾ ಹೊರಗೆ ಹೋಗಿದ್ದಾನೆ ಅನ್ನೋ ಥರ ಹೇಳ್ಬೇಕು" ಅಂದರು ಮೇಡಂ. ಅಂಕಲ್ ಬರೆದುಕೊಂಡರು, ಒಪ್ಪಿದ ಹಾಗೆ ಕಾಣಲಿಲ್ಲ.

ಈಗ ಕೊರತೆಗಳು. ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರ, ಕಲಿಸುವುದರಲ್ಲಿ ಈ ಕ್ಲಾಸು ತುಂಬ ಸಡಿಲ. ಜಪಾನ್ ಸರ್ಕಾರದ ದಿನಬಳಕೆಯ ಪಟ್ಟಿಯಲ್ಲೇ 2,136 ಕಾಂಜಿ ಇವೆ. ಇಲ್ಲಿ ಪಾಠದ ಕೊನೆಗೆ ಒಂದೆರಡು ಬರೆದು ತೋರಿಸಿ, ಮನೇಲಿ ತಿದ್ದಿಕೊಳ್ಳಿ ಅಂತ ಬಿಟ್ಟುಬಿಡುತ್ತಾರೆ, ಮುಂದಿನ ಸಲ ಯಾರೂ ಕೇಳುವುದಿಲ್ಲ. ಎರಡನೆಯದು, ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲು ತಿಂಗಳಾನುಗಟ್ಟಲೆ ಬಿಡುತ್ತಾರೆ. ಶುರುವಿಗೆ ಸರಿ, ಆದರೆ ಆಮೇಲೂ ಹಾಗೇ ಬಿಟ್ಟರೆ ಕಣ್ಣು ಹಿರಗಾನಾ ಕಡೆ ಹೋಗುವುದೇ ಇಲ್ಲ. ನಾನಿಲ್ಲಿ ಬರೆದಂತೆ ಕನ್ನಡದಲ್ಲಿ ಬರೆದದ್ದನ್ನು ಓದುವುದು ಸುಲಭ, ಜಪಾನಿನ ರೈಲ್ವೆ ಸ್ಟೇಷನ್ನಿನಲ್ಲಿ ಕನ್ನಡ ಬೋರ್ಡು ಇರುವುದಿಲ್ಲ. ಸ್ವರದ ಏರಿಳಿತದ ಬಗ್ಗೆಯಂತೂ ಮಾತೇ ಇಲ್ಲ. ಟೋಕಿಯೊ ಕಡೆ 'ಹಶಿ'ಯ ಮೊದಲ ಅಕ್ಷರ ಏರಿಸಿದರೆ ಊಟದ ಕಡ್ಡಿ, ಎರಡನೆಯದನ್ನು ಏರಿಸಿದರೆ ಸೇತುವೆ. ಒಸಾಕಾದಲ್ಲಿ ಇದು ಉಲ್ಟಾ. ಅಂಕಲ್ ಮತ್ತು ಮೊಮ್ಮಗನ ನಡುವೆ ಏನಾಗುತ್ತದೋ ನೋಡಬೇಕು.

ಕೇಳಿ ಅರ್ಥ ಮಾಡಿಕೊಳ್ಳುವ ಅಭ್ಯಾಸಕ್ಕೆ ಮೇಡಂ ಫೋನಿನಲ್ಲೇ ಆಡಿಯೋ ಹಾಕುತ್ತಾರೆ. ಶೀಟಿನ ಮೇಲೆ ಮಳೆ ಬೀಳುತ್ತಿದ್ದರೆ ಫೋನೂ ಕೇಳುವುದಿಲ್ಲ, ಮೇಡಮ್ಮೂ ಕೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿವಮೊಗ್ಗದಲ್ಲಿ ಇದು ಸಣ್ಣ ವಿಷಯ ಅಲ್ಲ. ಒಂದು ಸ್ಪೀಕರ್ ತನ್ನಿ ಮೇಡಂ ಅಂತ ಹೇಳಿ ಹೇಳಿ ಸಾಕಾಗಿದೆ. ಪರೀಕ್ಷೆ ಬರೆಯುವವರಿಗೆ ಇದು ನೇರವಾಗಿ ಪೆಟ್ಟು. ಜೆಎಲ್‌ಪಿಟಿ ಅನ್ನುವ ಜಪಾನೀಸ್ ಭಾಷಾ ಪರೀಕ್ಷೆ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ, ನಮಗೆ ಹತ್ತಿರದ ಕೇಂದ್ರ ಬೆಂಗಳೂರು. ಎನ್5 ಅನ್ನುವ ಮೊದಲ ಮೆಟ್ಟಿಲಿಗೆ 180ಕ್ಕೆ 80 ಬಂದರೆ ಪಾಸು, ಆದರೆ ಆಲಿಸುವ ಭಾಗದಲ್ಲಿ 60ಕ್ಕೆ ಕನಿಷ್ಠ 19 ಬರಲೇಬೇಕು. ಉಳಿದದ್ದರಲ್ಲಿ ಎಷ್ಟೇ ಬಂದಿರಲಿ, ಇದು ಬರದಿದ್ದರೆ ಫೇಲು. ಅಲ್ಲಿ ಆಡಿಯೋ ಒಂದೇ ಸಲ ಕೇಳಿಸುತ್ತಾರೆ. ಇನ್ನೊಂದು ಸಂಗತಿ, 2010ರಲ್ಲಿ ಪರೀಕ್ಷೆ ಬದಲಾದ ಮೇಲೆ ಯಾವ ಪದ, ಯಾವ ಕಾಂಜಿ ಬರುತ್ತದೆ ಅನ್ನುವ ಅಧಿಕೃತ ಪಟ್ಟಿಯನ್ನು ಅವರು ಕೊಡುತ್ತಿಲ್ಲ. 'ಗ್ಯಾರಂಟಿ ಪಟ್ಟಿ' ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ.

ಕೆಲಸಕ್ಕೆ ಹೋಗುವವರ ಕಥೆ ಬೇರೆ. ಜಪಾನ್ 2019ರ ಏಪ್ರಿಲ್‌ನಲ್ಲಿ ನಿರ್ದಿಷ್ಟ ಕೌಶಲದ ಕೆಲಸಗಾರರಿಗೆ ಹೊಸ ವೀಸಾ ಶುರು ಮಾಡಿತು, 2021ರ ಜನವರಿಯಲ್ಲಿ ಭಾರತದ ಜೊತೆ ಒಪ್ಪಂದವೂ ಆಯಿತು. ವಯಸ್ಸಾದವರ ಆರೈಕೆಯ ಕೆಲಸಕ್ಕೆ ಜೆಎಲ್‌ಪಿಟಿಯ ಎರಡನೇ ಮೆಟ್ಟಿಲಾದ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಅನ್ನುವ ಇನ್ನೊಂದು ಭಾಷಾ ಪರೀಕ್ಷೆ ಪಾಸಾಗಬೇಕು, ಅದರ ಮೇಲೆ ಆರೈಕೆ ಕೌಶಲದ ಪರೀಕ್ಷೆ, ಆರೈಕೆಗೆ ಬೇಕಾದ ಜಪಾನೀಸಿನ ಪರೀಕ್ಷೆ. ಆ ಕೊನೆಯದಕ್ಕೆ ಈ ಕ್ಲಾಸಿನಲ್ಲಿ ತಯಾರಿ ಇಲ್ಲ, ಮೇಡಂ ಅದನ್ನು ಮೊದಲ ದಿನವೇ ಹೇಳುತ್ತಾರೆ. ಜೆಎಲ್‌ಪಿಟಿಯಲ್ಲಿ ಮಾತಾಡುವ ಪರೀಕ್ಷೆ ಇಲ್ಲದ ಕಾರಣ ಕ್ಲಾಸಿನಲ್ಲೂ ಮಾತು ಕಡಿಮೆ. ನರ್ಸಿಂಗ್ ಹುಡುಗಿಯರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ತೀರ್ಥಹಳ್ಳಿ ಬಸ್ಸಿನಲ್ಲಿ ಕೂತು ಒಬ್ಬಳು ರೋಗಿ, ಇನ್ನೊಬ್ಬಳು ನರ್ಸ್ ಆಗಿ ಎಲ್ಲಿ ನೋವು, ಯಾವಾಗಿನಿಂದ, ಊಟ ಆಯ್ತಾ ಅಂತ ಜಪಾನೀಸಿನಲ್ಲಿ ಮಾತಾಡಿಕೊಂಡು ಹೋಗುತ್ತಾರೆ. ಕಂಡಕ್ಟರಿಗೂ ಈಗ 'ಇತಾಯ್' ಅಂದರೆ ನೋವು ಅಂತ ಗೊತ್ತು. ಇಂಥವರಿಗೆ ಜಪಾನ್ ಫೌಂಡೇಶನ್‌ನವರ 'ಇರೊದೋರಿ' ಪಠ್ಯ ಆಡಿಯೋ ಸಮೇತ ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ, ಅಂಗಡಿ, ಆಸ್ಪತ್ರೆ ಇಂಥ ದಿನಬಳಕೆಯ ಮಾತುಗಳೇ ಜಾಸ್ತಿ. ಕ್ಲಾಸಿನ ಜೊತೆ ಅದನ್ನೂ ಇಟ್ಟುಕೊಳ್ಳಿ.

ಹೊಸ ಬ್ಯಾಚು ದಸರಾ ಕಳೆದ ಮೇಲೆ. ಮೊದಲ ವಾರ ಸುಮ್ನೆ ಬಂದು ಕೂರಬಹುದು, ಹಿಡಿಸಿದರೆ ಆಮೇಲೆ ಫೀಸು. ಕಾಂಜಿ ತಿದ್ದುವುದಕ್ಕೆ ಬೇರೆ ಪುಸ್ತಕ ಬೇಡ, ಮಕ್ಕಳು ಲೆಕ್ಕ ಮಾಡುವ ಚೌಕುಳಿ ನೋಟ್‌ಬುಕ್ ಸಾಕು. ಕರೆಂಟ್ ಹೋದರೆ ಯುಪಿಎಸ್ ಇದೆ, ಫ್ಯಾನ್ ಮಾತ್ರ ತಿರುಗುವುದಿಲ್ಲ. ಮಧ್ಯೆ ಕಷಾಯ ಬರುತ್ತದೆ, ಬೇಡ ಅಂದರೆ ಮೇಡಂ ಅತ್ತೆಗೆ ಬೇಜಾರಾಗುತ್ತದೆ. ಗಾಡಿಯನ್ನು ಪಕ್ಕದ ಮನೆ ಗೇಟಿನ ಎದುರು ನಿಲ್ಲಿಸಬೇಡಿ, ಅವರು ಜಗಳಕ್ಕೇ ಬರುತ್ತಾರೆ.