ಎಡಿಟರ್ ಸರಿ ಎನ್ನುತ್ತದೆ, ಸಿಐ ತಪ್ಪು ಎನ್ನುತ್ತದೆ: ಪೈಥಾನ್ ಟೈಪ್ ಚೆಕ್‌ಗೆ ಮೂರು ಜೋಡಣೆಗಳ ಹೋಲಿಕೆ

ಬಿಲ್ ಲೆಕ್ಕ ಹಾಕುವ ಪುಟ್ಟ ಪೈಥಾನ್ ಫಂಕ್ಷನ್. ಮೊದಲ ಸಾಲಿನಲ್ಲಿ ಮೊತ್ತ ಸೊನ್ನೆ, ಆಮೇಲೆ ಲೂಪ್‌ನಲ್ಲಿ ಒಂದೊಂದು ವಸ್ತುವಿನ ಬೆಲೆ ಅದಕ್ಕೆ ಸೇರುತ್ತಾ ಹೋಗುತ್ತದೆ. ಬೆಲೆ ಡೆಸಿಮಲ್ (ದಶಮಾಂಶ ಸಂಖ್ಯೆ) ಟೈಪ್‌ನದು. ವಿಎಸ್ ಕೋಡ್‌ನಲ್ಲಿ ಒಂದೂ ಕೆಂಪು ಗೆರೆ ಇರಲಿಲ್ಲ, ಪುಶ್ ಮಾಡಿದೆ. ಸ್ವಲ್ಪ ಹೊತ್ತಿಗೆ ಸಿಐ, ಅಂದರೆ ಪುಶ್ ಮಾಡಿದ ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ, ಕೆಂಪಾಯಿತು. ಇಂಟ್ (ಪೂರ್ಣಾಂಕ) ಆಗಿರುವ ವೇರಿಯಬಲ್‌ಗೆ ಡೆಸಿಮಲ್ ಹಾಕುತ್ತಿದ್ದೀರಿ ಎಂದು ಅಲ್ಲಿ ಓಡುವ ಟೈಪ್ ಚೆಕರ್ (ಕೋಡ್ ಓಡಿಸದೆಯೇ ಟೈಪ್ ತಪ್ಪು ಹುಡುಕುವ ಸಾಧನ) ಮೈಪೈ ತಕರಾರು ತೆಗೆದಿತ್ತು. ಎಡಿಟರ್‌ಗೆ ಮರಳಿ ಅದೇ ಮೊತ್ತದ ಮೇಲೆ ಮೌಸ್ ಇಟ್ಟು ನೋಡಿದೆ. ಅಲ್ಲಿ 'ಇಂಟ್ ಅಥವಾ ಡೆಸಿಮಲ್' ಎಂದಿತ್ತು.

ಎರಡೂ ತಮ್ಮ ತಮ್ಮ ನಿಯಮದಂತೆ ಸರಿಯೇ. ವೇರಿಯಬಲ್‌ಗೆ ನಾವು ಟೈಪ್ ಬರೆಯದಿದ್ದರೆ, ಮೈಪೈ ಸಾಮಾನ್ಯವಾಗಿ ಮೊದಲ ಸಲ ಹಾಕಿದ ಮೌಲ್ಯದಿಂದಲೇ ಟೈಪ್ ಗಟ್ಟಿ ಮಾಡಿಕೊಳ್ಳುತ್ತದೆ. ವಿಎಸ್ ಕೋಡ್‌ನ ಪೈಥಾನ್ ಎಕ್ಸ್‌ಟೆನ್ಷನ್ ಆದ ಪೈಲಾನ್ಸ್ ಒಳಗೆ ಓಡುವುದು ಪೈರೈಟ್ ಎಂಬ ಇನ್ನೊಂದು ಚೆಕರ್. ಅದು ಆ ವೇರಿಯಬಲ್‌ಗೆ ಎಲ್ಲೆಲ್ಲಿ ಏನೇನು ಹಾಕಿದ್ದೀರೋ ಅಷ್ಟನ್ನೂ ಒಟ್ಟುಗೂಡಿಸಿ ನೋಡುತ್ತದೆ. ಪೈಥಾನ್ ಟೈಪ್‌ಗಳ ಮೂಲ ಪ್ರಸ್ತಾವ ಪಿಇಪಿ 484 ಟೈಪ್ ಬರೆಯುವ ಬಗೆಯನ್ನು ಹೇಳಿತು, ಬರೆಯದೆ ಬಿಟ್ಟದ್ದನ್ನು ಹೇಗೆ ಊಹಿಸಬೇಕೆಂಬುದನ್ನು ಬಹುಪಾಲು ಆಯಾ ಚೆಕರ್‌ಗೇ ಬಿಟ್ಟಿತು. ಹಾಗಾಗಿ ಇದನ್ನು ಬಗ್ ಎಂದು ಯಾರಾದರೂ ಸರಿಪಡಿಸಿಯಾರು ಎಂದು ಕಾಯುವುದರಲ್ಲಿ ಅರ್ಥವಿಲ್ಲ. ನಮ್ಮ ಜೋಡಣೆಯನ್ನೇ ಬದಲಿಸಬೇಕು. ನಾಲ್ಕು ಜನರ ನಮ್ಮ ತಂಡದಲ್ಲಿ ಮೂರು ಬಗೆ ಬಳಸಿ ನೋಡಿದ್ದೇನೆ.

ಮೊದಲನೆಯದು, ಇದ್ದದ್ದನ್ನು ಇದ್ದಂತೆ ಬಿಡುವುದು: ಎಡಿಟರ್‌ನಲ್ಲಿ ಪೈಲಾನ್ಸ್, ಸಿಐನಲ್ಲಿ ಮೈಪೈ. ಎರಡು ಚೆಕರ್ ಇದ್ದರೆ ಎರಡರಷ್ಟು ತಪ್ಪು ಸಿಗುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಸಿಗುವುದು ನಿಜ. ಟೈಪ್ ಬರೆಯದ ಫಂಕ್ಷನ್‌ಗಳ ಒಳಗನ್ನು ಮೈಪೈ ತಾನಾಗಿ ನೋಡುವುದಿಲ್ಲ, ಅದಕ್ಕೆ ಬೇರೆ ಆಯ್ಕೆ ಕೊಡಬೇಕು. ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಹೊಂದದಿದ್ದಾಗ ನನ್ (None, ಅಂದರೆ 'ಏನೂ ಇಲ್ಲ') ಬರುವ ಕಡೆ ನೇರವಾಗಿ ಗ್ರೂಪ್ ಕರೆದಿದ್ದ ನಮ್ಮ ಹಳೆಯ ಕೋಡ್ ಸಿಐ ದಾಟಿ ಹೋಗಿತ್ತು, ಎಡಿಟರ್ ಮಾತ್ರ ಹಿಡಿದಿತ್ತು. ಆದರೆ ಆರು ತಿಂಗಳಲ್ಲಿ ನಾನು ಕಂಡದ್ದು ಬೇರೆಯೇ. ಎರಡು ಕಡೆ ಎರಡು ಮಾತು ಕೇಳಿ ಕೇಳಿ ಜನ ಎಡಿಟರ್‌ನ ಗೆರೆಗಳನ್ನು ನೋಡುವುದನ್ನೇ ಬಿಟ್ಟರು. 'ಹೇಗೂ ಸಿಐ ಹೇಳುತ್ತದೆ' ಎಂದು ಪುಶ್ ಮಾಡಿ ಕಾಯುವುದು ರೂಢಿಯಾಯಿತು. ಗೆರೆಯನ್ನು ನಂಬಲಾಗದಿದ್ದರೆ ಅದು ಇದ್ದೂ ಇಲ್ಲದಂತೆಯೇ. ಇನ್ನೂ ಒಂದು ಮಾತು: ಪೈಲಾನ್ಸ್‌ನಲ್ಲಿ ಟೈಪ್ ಚೆಕ್ ಆಫ್ ಆಗಿಯೇ ಬರುತ್ತದೆ, ಆನ್ ಮಾಡಿದರೂ, ಬೇರೆ ಹೇಳದಿದ್ದರೆ, ತೆರೆದ ಫೈಲ್‌ಗಳನ್ನಷ್ಟೇ ನೋಡುತ್ತದೆ. ಒಂದು ಫಂಕ್ಷನ್‌ನ ಆರ್ಗ್ಯುಮೆಂಟ್ ಬದಲಿಸಿದರೆ, ಅದನ್ನು ಕರೆಯುವ ಹತ್ತು ಫೈಲ್ ಮುಚ್ಚಿದ್ದರೆ, ಎಡಿಟರ್ ಸುಮ್ಮನಿರುತ್ತದೆ.

ಎರಡನೆಯದು, ಎರಡೂ ಕಡೆ ಮೈಪೈ. ಮೈಕ್ರೋಸಾಫ್ಟ್‌ನದೇ ಮೈಪೈ ಎಕ್ಸ್‌ಟೆನ್ಷನ್ ಇದೆ. ಹಾಕಿದ ದಿನ ಎಲ್ಲ ಸರಿಹೋಯಿತು ಅಂದುಕೊಂಡೆ. ಮರುದಿನ ಮತ್ತೆ ಅದೇ ಜಗಳ. ಎಕ್ಸ್‌ಟೆನ್ಷನ್ ತನ್ನೊಳಗೇ ಒಂದು ಮೈಪೈ ಇಟ್ಟುಕೊಂಡು ಬರುತ್ತದೆ, ಬೇರೆ ಹೇಳದಿದ್ದರೆ ಅದನ್ನೇ ಓಡಿಸುತ್ತದೆ. ನಮ್ಮ ಪ್ರಾಜೆಕ್ಟ್‌ನಲ್ಲಿದ್ದದ್ದು ಹಳೆಯ ಆವೃತ್ತಿ. 2022ರ ನವೆಂಬರ್‌ನಲ್ಲಿ ಬಂದ 0.990ರಿಂದ, ಇಂಟ್ ಎಂದು ಬರೆದ ಆರ್ಗ್ಯುಮೆಂಟ್‌ಗೆ ಡಿಫಾಲ್ಟ್ ಆಗಿ ನನ್ ಕೊಟ್ಟರೆ ಮೈಪೈ ತಪ್ಪು ಎನ್ನುತ್ತದೆ. ಅದಕ್ಕೆ ಮುಂಚೆ ತಾನೇ ಆಪ್ಷನಲ್ (ನನ್ ಕೂಡ ಇರಬಹುದು) ಎಂದು ತಿಳಿದು ಬಿಟ್ಟುಬಿಡುತ್ತಿತ್ತು. ನಮ್ಮ ಕೋಡ್ ತುಂಬಾ ಅಂಥವೇ. ಎಕ್ಸ್‌ಟೆನ್ಷನ್‌ನ ಇಂಪೋರ್ಟ್ ಸ್ಟ್ರಾಟಜಿಯನ್ನು 'ಫ್ರಮ್ ಎನ್ವಿರಾನ್‌ಮೆಂಟ್' ಮಾಡಿ, ಆ ಸೆಟ್ಟಿಂಗ್ಸ್ ಫೈಲನ್ನು ರೆಪೊಗೇ ಕಮಿಟ್ ಮಾಡಿದ ಮೇಲೆ ಎರಡೂ ಕಡೆ ಒಂದೇ ಮಾತು ಬಂತು.

ಆಮೇಲೂ ಒಂದು ಬಿರುಕು ಉಳಿದಿತ್ತು: ಪ್ರಿ-ಕಮಿಟ್, ಕಮಿಟ್‌ಗೆ ಮುಂಚೆ ಚೆಕ್‌ಗಳನ್ನು ಓಡಿಸುವ ಸಾಧನ. ಅದರ ಮೈಪೈ ಹುಕ್ ಪ್ರತ್ಯೇಕ ಎನ್ವಿರಾನ್‌ಮೆಂಟ್‌ನಲ್ಲಿ ಓಡುತ್ತದೆ, ನಮ್ಮ ಲೈಬ್ರರಿಗಳು ಅಲ್ಲಿರುವುದಿಲ್ಲ. ಸಿಗದ ಇಂಪೋರ್ಟ್‌ಗಳನ್ನು ಬಿಟ್ಟುಬಿಡು ಎಂಬ ಆಯ್ಕೆಯೂ ಅದರಲ್ಲಿ ಮೊದಲೇ ಸೇರಿರುತ್ತದೆ. ಹೊರಗಿನಿಂದ ಬಂದದ್ದೆಲ್ಲ ಎನಿ (ಯಾವ ಟೈಪ್ ಆದರೂ ಸರಿ) ಆಗಿ, ತಪ್ಪುಗಳು ಸದ್ದಿಲ್ಲದೆ ದಾಟುತ್ತವೆ. ಸಾಲದ್ದಕ್ಕೆ ಹುಕ್ ಫೈಲ್ ಹೆಸರುಗಳನ್ನು ನೇರವಾಗಿ ಕೊಡುತ್ತದೆ, ಹಾಗೆ ಕೊಟ್ಟ ಫೈಲ್‌ಗಳಿಗೆ ಕಾನ್ಫಿಗ್‌ನ ಎಕ್ಸ್‌ಕ್ಲೂಡ್ (ನೋಡಬೇಡ ಎಂಬ ಪಟ್ಟಿ) ಅನ್ವಯಿಸುವುದಿಲ್ಲ. ಆ ಹುಕ್ ತೆಗೆದು, ಪ್ರಾಜೆಕ್ಟ್‌ನ ಎನ್ವಿರಾನ್‌ಮೆಂಟ್‌ನ ಮೈಪೈಯನ್ನೇ ಕರೆಯುವ ಲೋಕಲ್ ಹುಕ್ ಹಾಕಿದೆವು.

ಈ ಜೋಡಣೆಯಲ್ಲಿ ನನಗೆ ಕೊನೆಯವರೆಗೂ ಕಾಡಿದ್ದು ಮೌಸ್ ಇಟ್ಟಾಗ ಬರುವ ಮಾಹಿತಿ. ಎಕ್ಸ್‌ಟೆನ್ಷನ್ ಕೊಡುವುದು ತಪ್ಪುಗಳನ್ನಷ್ಟೇ, ಅದೂ ಫೈಲ್ ಸೇವ್ ಮಾಡಿದ ಮೇಲೆ. ಟೈಪ್ ತೋರಿಸುವುದು, ಹೆಸರು ತುಂಬಿಸುವುದು ಈಗಲೂ ಪೈಲಾನ್ಸ್ ಕೆಲಸ. ಅಂದರೆ ಗೆರೆ ಎಳೆಯುವುದು ಒಂದು, ವಿವರಿಸುವುದು ಇನ್ನೊಂದು. ಮೊತ್ತದ ಕೆಳಗೆ ಮೈಪೈ ಗೆರೆ, ಅದರ ಮೇಲೆ ಮೌಸ್ ಇಟ್ಟರೆ ಪೈರೈಟ್‌ನ 'ಇಂಟ್ ಅಥವಾ ಡೆಸಿಮಲ್'. ಹೊಸದಾಗಿ ಸೇರಿದವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭವಲ್ಲ. ಅಂಥ ಕಡೆ ರಿವೀಲ್ ಟೈಪ್ ಎಂಬ ಸಾಲು ಹಾಕಿ ಟರ್ಮಿನಲ್‌ನಲ್ಲಿ ಮೈಪೈ ಏನನ್ನುತ್ತದೆ ನೋಡಿ ಎನ್ನುತ್ತಿದ್ದೆ.

ಮೂರನೆಯದು, ಎರಡೂ ಕಡೆ ಪೈರೈಟ್. ಇಲ್ಲಿ ಎಡಿಟರ್‌ನಲ್ಲಿ ಪೈಲಾನ್ಸ್, ಸಿಐನಲ್ಲಿ ಪೈರೈಟ್ ಓಡಿಸಿದರೆ ಆವೃತ್ತಿ ತಪ್ಪುತ್ತದೆ, ಏಕೆಂದರೆ ಪೈಲಾನ್ಸ್ ತನ್ನಷ್ಟಕ್ಕೆ ಅಪ್‌ಡೇಟ್ ಆಗುತ್ತಿರುತ್ತದೆ. ನಾವು ಹಿಡಿದದ್ದು ಬೇಸ್ಡ್‌ಪೈರೈಟ್, ಪೈರೈಟ್‌ನದೇ ಕವಲು. ಪಿಪ್‌ನಿಂದ ಬರುತ್ತದೆ, ಆವೃತ್ತಿಯನ್ನು ಲಾಕ್ ಫೈಲ್‌ನಲ್ಲಿ ಕಟ್ಟಿಹಾಕಬಹುದು, ಎಡಿಟರ್ ಎಕ್ಸ್‌ಟೆನ್ಷನ್ ಪ್ರಾಜೆಕ್ಟ್‌ನಲ್ಲಿರುವುದನ್ನೇ ಎತ್ತಿಕೊಳ್ಳುತ್ತದೆ. ನಮ್ಮಲ್ಲಿ ಒಬ್ಬರು ನಿಯೋವಿಮ್ ಎಡಿಟರ್‌ನವರು, ಇನ್ನೊಬ್ಬರು ವಿಎಸ್‌ಕೋಡಿಯಮ್ ಎಡಿಟರ್‌ನವರು. ಪೈಲಾನ್ಸ್ ಲೈಸೆನ್ಸ್ ಮೈಕ್ರೋಸಾಫ್ಟ್ ಉತ್ಪನ್ನಗಳಿಗೆ ಮಾತ್ರ, ಆದ್ದರಿಂದ ಅವರಿಬ್ಬರೂ ಮೊದಲೆರಡು ಜೋಡಣೆಗಳಲ್ಲಿ ಹೊರಗೇ ಇದ್ದರು. ಈಗ ನಾಲ್ವರಿಗೂ, ಸಿಐಗೂ ಒಂದೇ ಪ್ರೋಗ್ರಾಂ, ಒಂದೇ ಆವೃತ್ತಿ. ಕೋಡ್ ಬರೆಯುತ್ತಿರುವಾಗಲೇ ಗೆರೆ ಬರುತ್ತದೆ, ಮೌಸ್ ಇಟ್ಟಾಗ ಕಾಣುವುದೂ ಆ ಗೆರೆ ಎಳೆದ ಚೆಕರ್‌ನದೇ ಮಾತು.

ಬೇಸ್ಡ್‌ಪೈರೈಟ್ ಡಿಫಾಲ್ಟ್ ಆಗಿ ತುಂಬಾ ಕಟ್ಟುನಿಟ್ಟು, ವಾರ್ನಿಂಗ್ ಇದ್ದರೂ ಸಿಐ ಬೀಳುತ್ತದೆ. ನಾವು ಸ್ಟ್ಯಾಂಡರ್ಡ್ ಎಂಬ ಸಡಿಲ ಮಟ್ಟಕ್ಕೆ ಇಳಿಸಿ, ಹಳೆಯ ತಪ್ಪುಗಳನ್ನು ಬೇಸ್‌ಲೈನ್ ಫೈಲ್‌ಗೆ ಸೇರಿಸಿ ಶುರು ಮಾಡಿದೆವು. ಸೆಟ್ಟಿಂಗ್ ಎಲ್ಲ ಪೈಪ್ರಾಜೆಕ್ಟ್ ಫೈಲ್‌ನಲ್ಲೇ ಇರಲಿ. ಪಕ್ಕದಲ್ಲಿ ಪೈರೈಟ್‌ಕಾನ್ಫಿಗ್ ಫೈಲ್ ಬಿದ್ದಿದ್ದರೆ ಅದರದ್ದೇ ಮೇಲುಗೈ. ಪೈಥಾನ್ ಆವೃತ್ತಿಯನ್ನೂ ಬರೆದಿಡಿ, ಇಲ್ಲದಿದ್ದರೆ ಒಬ್ಬರ ಲ್ಯಾಪ್‌ಟಾಪ್‌ನ 3.12ಕ್ಕೂ ಸಿಐನ 3.10ಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ.

ಟಿವೈ (ty), ಪೈರ್‌ಫ್ಲೈ (Pyrefly) ಎಂಬ ಹೊಸ ಚೆಕರ್‌ಗಳು 2025ರಲ್ಲಿ ಬಂದಿವೆ. ಎರಡೂ ರಸ್ಟ್‌ನಲ್ಲಿ ಬರೆದವು, ವೇಗ ಚೆನ್ನಾಗಿದೆ. ಕೆಲಸದ ಕೋಡ್‌ಗೆ ನಾನಿನ್ನೂ ಹಚ್ಚಿಲ್ಲ.

ಹೊಸ ಪ್ರಾಜೆಕ್ಟ್‌ಗೆ ನನ್ನ ಆಯ್ಕೆ ಮೂರನೆಯದೇ. ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಇದ್ದರೆ ಮಾತ್ರ ಎರಡನೆಯದು. ಮಾಡೆಲ್‌ಗಳ ಫೀಲ್ಡ್, ಕ್ವೆರಿಸೆಟ್ ಟೈಪ್‌ಗಳನ್ನು ಸರಿಯಾಗಿ ಹಿಡಿಯಲು, ಜಾಂಗೋದ ಟೈಪ್ ವಿವರ ಕೊಡುವ ಜಾಂಗೋ ಸ್ಟಬ್ಸ್‌ಗೆ ಮೈಪೈ ಪ್ಲಗಿನ್ ಬೇಕು, ಪೈರೈಟ್ ಪ್ಲಗಿನ್‌ಗಳನ್ನು ಒಪ್ಪುವುದಿಲ್ಲ. ನಮ್ಮ ಹಳೆಯ ಜಾಂಗೋ ರೆಪೊ ಹಾಗೇ ಮೈಪೈ ಮೇಲೆ ನಿಂತಿದೆ. ಅಲ್ಲಿ ಪೈಲಾನ್ಸ್‌ನ ಟೈಪ್ ಚೆಕ್ ಆಫ್, ಮೊತ್ತದ ಮೊದಲ ಸಾಲಿನಲ್ಲಿ ಸೊನ್ನೆಯ ಬದಲು ಡೆಸಿಮಲ್ ಸೊನ್ನೆ.