ಕಟಕಟೆಯ ಎರಡು ಬದಿ: ಲಿಸ್ಬನ್ನಿನ ಅಲ್ಜೂಬ್ ಮ್ಯೂಸಿಯಂ

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ಹಳೆಯ ಕೆಥೆಡ್ರಲ್ಲಿನ ಪಕ್ಕದಲ್ಲಿ, ಪ್ರವಾಸಿಗರನ್ನು ತುಂಬಿಕೊಂಡ 28ನೇ ನಂಬರಿನ ಟ್ರಾಮ್ ಏದುಸಿರು ಬಿಡುತ್ತಾ ಹತ್ತುವ ರಸ್ತೆಯಲ್ಲಿ ಅಲ್ಜೂಬ್ ಮ್ಯೂಸಿಯಂ ಇದೆ. ಅರಬ್ಬಿ ಮೂಲದ ಈ ಹೆಸರಿಗೆ ಬಾವಿ, ಸೆರೆಗುಂಡಿ ಎಂಬ ಅರ್ಥವಿದೆ. ಮೊದಲು ಚರ್ಚಿನ ಸೆರೆಮನೆಯಾಗಿ, ಆಮೇಲೆ ಹೆಂಗಸರ ಸೆರೆಮನೆಯಾಗಿ ಬಳಕೆಯಲ್ಲಿದ್ದ ಈ ಕಟ್ಟಡದಲ್ಲಿ 1928ರಿಂದ 1965ರವರೆಗೆ ಸರ್ವಾಧಿಕಾರದ ವಿರೋಧಿಗಳನ್ನು ಕೂಡಿಹಾಕಲಾಗುತ್ತಿತ್ತು. 2015ರ ಏಪ್ರಿಲ್ 25ರಂದು, ಅಂದರೆ 1974ರ ಕ್ರಾಂತಿಯಲ್ಲಿ ಸರ್ವಾಧಿಕಾರ ಉರುಳಿದ ದಿನದ ವಾರ್ಷಿಕೋತ್ಸವದಂದೇ, ಇದು ಮ್ಯೂಸಿಯಂ ಆಗಿ ತೆರೆಯಿತು.

ಕೆಳಗಿನ ಮಹಡಿಗಳಲ್ಲಿ ಸರ್ವಾಧಿಕಾರಿ ಸಾಲಝಾರ್ ಆಡಳಿತದ ಹುಟ್ಟು, ಪತ್ರಿಕೆಗಳ ಸೆನ್ಸಾರ್, ಭೂಗತ ಮುದ್ರಣಾಲಯಗಳ ವಿವರಗಳಿವೆ. ಓದುವುದು ಬಹಳ, ನೋಡುವುದು ಕಡಿಮೆ. ಆದರೆ ಏಕಾಂತ ಸೆರೆಯ ಕೋಣೆಗಳ ಮುಂದೆ ನಿಂತಾಗ ಫಲಕಗಳ ಅಗತ್ಯವೇ ಬೀಳುವುದಿಲ್ಲ. ಗೂಳಿಗಳನ್ನು ಕಟ್ಟುವ ಕೊಟ್ಟಿಗೆ ಎಂಬ ಅರ್ಥದಲ್ಲಿ ಕೈದಿಗಳು ಇವನ್ನು 'ಕುರ್ರೊ' ಎಂದು ಕರೆಯುತ್ತಿದ್ದರು. ಸುಮಾರು ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ಆ ಗೂಡಿನಲ್ಲಿ ಮಲಗುವ ಹಲಗೆಯನ್ನು ಬಿಚ್ಚಿದರೆ ಕಾಲಿಡಲು ಜಾಗವಿರುವುದಿಲ್ಲ. ಮುಂದೆ ಪ್ರಧಾನಿಯೂ ರಾಷ್ಟ್ರಾಧ್ಯಕ್ಷರೂ ಆದ ಮಾರಿಯೊ ಸೊಆರೆಸ್ 1949ರಲ್ಲಿ ಮದುವೆಯಾದದ್ದು ಇದೇ ಜೈಲಿನಲ್ಲಿ ಕೈದಿಯಾಗಿದ್ದಾಗ.

ರಾಜಕೀಯ ಪೊಲೀಸ್ ಪಡೆಯ ಹೆಸರು ಪಿಡೆ. ಕನ್ನಡದ ಕಿವಿಗೆ ಅದು 'ಪೀಡೆ' ಎಂದೇ ಕೇಳಿಸುತ್ತದೆ, ತಪ್ಪೇನೂ ಇಲ್ಲ. ದಿನಗಟ್ಟಲೆ ನಿದ್ದೆ ಮಾಡಗೊಡದಿರುವುದು, ಕುಸಿದು ಬೀಳುವವರೆಗೆ ಪ್ರತಿಮೆಯಂತೆ ನಿಲ್ಲಿಸುವುದು ಅದರ ಮುಖ್ಯ ವಿಧಾನಗಳಾಗಿದ್ದವು. ಹೀಗೆ ಹಿಂಡಿ ತೆಗೆದ ಹೇಳಿಕೆಗಳನ್ನೇ ಸರ್ಕಾರಿ ಅಭಿಯೋಜಕರು ವಿಶೇಷ ರಾಜಕೀಯ ನ್ಯಾಯಾಲಯದ ಮುಂದೆ ಇಡುತ್ತಿದ್ದರು. ಶಿಕ್ಷೆ ಮುಗಿದ ಮೇಲೂ 'ಭದ್ರತಾ ಕ್ರಮ'ದ ಹೆಸರಿನಲ್ಲಿ ಸೆರೆವಾಸವನ್ನು ಮತ್ತೆ ಮತ್ತೆ ವಿಸ್ತರಿಸಲು ಅವಕಾಶವಿತ್ತು. ಮ್ಯೂಸಿಯಂನ ಈ ಭಾಗವನ್ನು ಅವಸರಪಡದೆ ನೋಡಬೇಕು. ಪೊಲೀಸರ ಕ್ರೌರ್ಯ ಎಲ್ಲರಿಗೂ ಸುಲಭವಾಗಿ ಕಾಣುತ್ತದೆ. ಕರಿಕೋಟು ತೊಟ್ಟವರು ಅದನ್ನು ಮರುಮಾತಿಲ್ಲದೆ ಕಾನೂನಿನ ಭಾಷೆಗೆ ಇಳಿಸಿಕೊಟ್ಟದ್ದು ಅಷ್ಟು ಸುಲಭವಾಗಿ ಕಾಣುವುದಿಲ್ಲ.

ನಾನು ಇಲ್ಲಿಗೆ ಹೋದದ್ದು ಮರಿಯಾ ಜೊಸೆ ಮೊರ್ಗಾಡೊ ಅವರ ಬಗ್ಗೆ ಓದಿದ ಮೇಲೆ. ಆಗ ಪೋರ್ಚುಗಲ್ಲಿನ ವಸಾಹತಾಗಿದ್ದ ಆಫ್ರಿಕಾದ ಅಂಗೋಲಾದಲ್ಲಿ ಹುಟ್ಟಿ, ಲಿಸ್ಬನ್ನಿನಲ್ಲಿ ಕಾನೂನು ವಿದ್ಯಾರ್ಥಿನಿಯಾಗಿದ್ದ ಅವರು ಎಂ.ಆರ್.ಪಿ.ಪಿ. ಎಂಬ ಮಾವೋವಾದಿ ಸಂಘಟನೆ ಸೇರಿ ಪಿಡೆಯ ಕೈಗೆ ಸಿಕ್ಕಿಬಿದ್ದರು. ಅದೇ ಸಂಘಟನೆಯ ಇನ್ನೊಬ್ಬ ಕಾನೂನು ವಿದ್ಯಾರ್ಥಿ ರಿಬೈರೊ ಸಾಂತೊಸ್ 1972ರ ಅಕ್ಟೋಬರ್ 12ರಂದು ಪಿಡೆಯವನ ಗುಂಡಿಗೆ ಬಲಿಯಾಗಿದ್ದ. ಆಗಿನ ಪೋರ್ಚುಗಲ್ಲಿನಲ್ಲಿ ಕಾನೂನು ಓದಿದ ಹೆಣ್ಣುಮಗಳು ಕಟಕಟೆಯಲ್ಲಿ ಆರೋಪಿಯಾಗಿ ನಿಲ್ಲಬಹುದಿತ್ತು, ನ್ಯಾಯಾಧೀಶೆಯಾಗಿಯೋ ಸರ್ಕಾರಿ ಅಭಿಯೋಜಕಿಯಾಗಿಯೋ ನಿಲ್ಲುವಂತಿರಲಿಲ್ಲ. ಆ ಹುದ್ದೆಗಳು ಮಹಿಳೆಯರಿಗೆ ತೆರೆದದ್ದು ಕ್ರಾಂತಿಯ ನಂತರ, 1974ರ ಜೂನ್ ತಿಂಗಳಲ್ಲಿ. ಮೊರ್ಗಾಡೊ ಅಭಿಯೋಜಕಿಯಾದರು, 2000ದಿಂದ 2002ರವರೆಗೆ ಅಪರಾಧ ತನಿಖಾ ಪೊಲೀಸ್ ಪಡೆಯ ಭ್ರಷ್ಟಾಚಾರ ವಿಭಾಗದ ಮುಖ್ಯಸ್ಥರಾಗಿದ್ದರು, 2006ರಲ್ಲಿ ಫುಟ್‌ಬಾಲ್ ರೆಫರಿಗಳ ಭ್ರಷ್ಟಾಚಾರದ ಪ್ರಕರಣಗಳ ಹೊಣೆ ಹೊತ್ತರು, ಆಮೇಲೆ ಲಿಸ್ಬನ್ನಿನ ಅಭಿಯೋಜನಾ ತನಿಖಾ ವಿಭಾಗವನ್ನೇ ಮುನ್ನಡೆಸಿದರು. ಒಂದು ಕಾಲದಲ್ಲಿ ಪಿಡೆಯ ಕಡತಕ್ಕೆ ಸಹಿ ಹಾಕುವುದೇ ಕೆಲಸವಾಗಿದ್ದ ಕುರ್ಚಿ, ಪಿಡೆಯ ಮಾಜಿ ಕೈದಿಯೊಬ್ಬರ ಪಾಲಿಗೆ ಬಂತು.

ಆದರೆ ಅವರ ತಲೆಮಾರಿನವರ ಸೆರೆಮನೆಯನ್ನು ಹುಡುಕಿಕೊಂಡು ಅಲ್ಜೂಬಿಗೆ ಬರುವವರು ಒಂದು ಮಾತು ನೆನಪಿಡಬೇಕು. ಇದು 1965ರಲ್ಲೇ ಮುಚ್ಚಿತು. ಎಪ್ಪತ್ತರ ದಶಕದ ರಾಜಕೀಯ ಬಂಧಿತರನ್ನು ಒಯ್ಯುತ್ತಿದ್ದದ್ದು ನಗರದ ಹೊರಗಿನ ಕಶೀಯಶ್ ಕೋಟೆಗೆ. ಅದು ಇಂದಿಗೂ ಜೈಲೇ ಆಗಿರುವುದರಿಂದ ಟಿಕೆಟ್ ಕೊಂಡು ಒಳಗೆ ಹೋಗುವ ಹಾಗಿಲ್ಲ. ನಮ್ಮ ಕಡೆಯವರಿಗೂ ಆ ಹೆಸರಿನ ನಂಟಿದೆ: ಗೋವಾ ವಿಮೋಚನೆಗೆ ಹೋರಾಡಿ 1955ರಲ್ಲಿ ಸೆರೆಸಿಕ್ಕ ಮೋಹನ ರಾನಡೆ, 1961ರಲ್ಲಿ ಗೋವಾ ಬಿಡುಗಡೆಯಾದ ಮೇಲೂ ಕಶೀಯಶ್‌ನಲ್ಲೇ ಉಳಿದು, 1969ರ ಜನವರಿಯಲ್ಲಿ ಹೊರಬಂದರು. ಮೇಲಿನ ಮಹಡಿಯಲ್ಲಿ ವಸಾಹತುಗಳ ಹೋರಾಟದ ಭಾಗ ನೋಡುವಾಗ ನನಗೆ ಅಂಗೋಲಾಕ್ಕಿಂತ ಮೊದಲು ನೆನಪಾದದ್ದು ಕಾರವಾರದಿಂದ ಕೂಗಳತೆಯ ಆ ಗಡಿ.

ಎರಡು ಗಂಟೆಯಾದರೂ ಇಟ್ಟುಕೊಂಡು ಹೋಗಬೇಕು, ಸೋಮವಾರ ರಜೆ. ಪೋರ್ಚುಗಲ್ಲಿನ ಇತಿಹಾಸ ಸ್ವಲ್ಪವೂ ಗೊತ್ತಿಲ್ಲದವರಿಗೆ ಮೊದಲ ಮಹಡಿ ಭಾರವೆನಿಸಬಹುದು, ಮಕ್ಕಳನ್ನು ಕರೆದೊಯ್ಯುವ ಜಾಗವಂತೂ ಅಲ್ಲ. ತುದಿಯ ಮಹಡಿಯ ಕೆಫೆಯಿಂದ ತೇಜೊ ನದಿ ಹರವಾಗಿ ಕಾಣುತ್ತದೆ. ಆ ಗೂಡುಗಳನ್ನು ನೋಡಿ ಬಂದು ಕಾಫಿ ಕುಡಿಯುತ್ತಾ ನದಿ ನೋಡುವುದು ಸರಿಯೇ ಎಂದು ನಾನು ಅಳುಕಿದೆ, ಆದರೂ ಕುಡಿದೆ. ಸಮಯ ಉಳಿದರೆ ಅಂತೋನಿಯೊ ಮರಿಯಾ ಕಾರ್ಡೊಜೊ ಬೀದಿಗೂ ನಡೆದುಹೋಗಿ. 1974ರ ಏಪ್ರಿಲ್ 25ರ ಸಂಜೆ ಪಿಡೆಯವರು ಜನರ ಮೇಲೆ ಗುಂಡು ಹಾರಿಸಿ ನಾಲ್ವರನ್ನು ಕೊಂದದ್ದು ಅಲ್ಲಿನ ತಮ್ಮ ಪ್ರಧಾನ ಕಚೇರಿಯಿಂದ. ಅದು ಈಗ ದುಬಾರಿ ಫ್ಲಾಟುಗಳ ಕಟ್ಟಡವಾಗಿದೆ. ಸತ್ತವರ ನೆನಪಿಗೆ ಒಂದು ಫಲಕವಿದೆ.